ಗಗನನೌಕೆಯಲ್ಲಿ ಕಾಲರ್

ಮೇಷ್ಟ್ರು ಆ ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಕ್ಯಾಸೆಟ್ಟನ್ನು ವೀಸಿಆರ್ ಒಳಗೇ ಬಿಟ್ಟು ಹೋದರು. ಅವರು ಮಾಡಿದ ತಪ್ಪು ಅಷ್ಟೇ.

ಮದುವೆಗೆ ಮುಂಚಿನಿಂದಲೂ ಅವರು ಕಾಲೇಜಿನಲ್ಲಿ ತಾತ್ಕಾಲಿಕ ಮೇಷ್ಟ್ರು. ಮಗಳು ಹುಟ್ಟಿ ಶಾಲೆಗೆ ಹೋಗತೊಡಗಿದರೂ ಅವರ ಕೆಲಸ ಮಾತ್ರ ಕಾಯಂ ಆಗಿರಲಿಲ್ಲ. ಈಗ ಕೊನೆಗೂ ಒಂದು ಹುದ್ದೆ ಖಾಲಿಯಾಗಿತ್ತು. ಅದಕ್ಕೆ ಇವತ್ತು ಮಾದರಿ ಪಾಠ. ವಿಷಯ, ಟೀವಿಯ ಆರಂಭಕಾಲದ ವೈಜ್ಞಾನಿಕ ಧಾರಾವಾಹಿಗಳು: ಅವುಗಳ ಪ್ರಕಾರ, ನಿರೂಪಣೆ, ಅವು ಯಾರನ್ನು ಹೇಗೆ ತೋರಿಸುತ್ತವೆ ಎಂಬುದು. ಪಾಠ ಕೇಳಲು ಹೊರಗಿನಿಂದ ಪರಿಣತೆಯೊಬ್ಬರು ಬರುವವರಿದ್ದರು. ಅವರು ಹೂಂ ಎಂದರೆ ಕೆಲಸ, ಊಹೂಂ ಎಂದರೆ ಇಲ್ಲ.

ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿ ಮೇಷ್ಟ್ರು ಕಪ್ಪುಬಿಳುಪು ಧಾರಾವಾಹಿಯೊಂದರ ಒಂದೇ ಒಂದು ಕಂತನ್ನು ಸಂಪಾದಿಸಿದ್ದರು. ರಟ್ಟಿನ ಗಗನನೌಕೆ, ಬೆಲ್ಟ್ ಸಡಿಲವಾದ ಕ್ಯಾಪ್ಟನ್, ನೌಕೆಗೆ ನುಗ್ಗುವ ಮೂರು ಕಣ್ಣಿನವನು. ಆ ದಿನ ಬೆಳಿಗ್ಗೆಯೂ ಅರ್ಧ ನೋಡಿ, ಮೂರು ಕಣ್ಣಿನವನು ಬಾಗಿಲು ತಟ್ಟುವಲ್ಲಿಗೆ ನಿಲ್ಲಿಸಿ ಬಚ್ಚಲಿಗೆ ಹೋದರು.

ಅಷ್ಟರಲ್ಲಿ ಟೀವಿಯಲ್ಲಿ ಹೆಣಿಗೆ ಪಾಠ ಶುರುವಾಯಿತು. ಅವರ ಅತ್ತೆ ಆ ಪಾಠ ಒಂದು ದಿನವೂ ತಪ್ಪಿಸಿದವರಲ್ಲ. ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಮನೆಯ ನಿವೃತ್ತ ಓವರ್‌ಸಿಯರ್ ಮೇಷ್ಟ್ರಿಗೆ ಬುದ್ಧಿ ಹೇಳಲು ಬಂದರು. ಬಂದವರಿಗೆ ಕಾಫಿ ಕೊಡದೆ ಇರಲಾಗುತ್ತದೆಯೇ? ಅತ್ತೆ ವೀಸಿಆರ್‌ನ ರೆಕಾರ್ಡ್ ಮಾಡುವ ಕೆಂಪು ಗುಂಡಿ ಒತ್ತಿ, ಆಮೇಲೆ ನೋಡಿಕೊಂಡರಾಯಿತೆಂದು ಅಡುಗೆಮನೆಗೆ ಹೋದರು.

ಮೇಷ್ಟ್ರು ತಲೆ ಒರೆಸುತ್ತಾ ಬಂದಾಗ ಪಾಠ ಮುಗಿದು, ಕ್ಯಾಸೆಟ್ಟೂ ಕೊನೆಮುಟ್ಟಿ ಯಂತ್ರ ತಾನಾಗಿ ನಿಂತಿತ್ತು. ಅವಸರದಲ್ಲಿ ಕ್ಯಾಸೆಟ್ಟನ್ನು ಎಳೆದುಕೊಂಡು ಹೊರಟರು.

"ಅಳಿಯಂದ್ರೇ, ಆ ಕ್ಯಾಸೆಟ್ಟಲ್ಲಿ..." ಎಂದು ಅತ್ತೆ ಬಾಗಿಲಿಗೆ ಬಂದರು.

"ಶುಭ ಕೆಲಸಕ್ಕೆ ಹೋಗೋವ್ರನ್ನ ಹಿಂದಿನಿಂದ ಕರೀಬೇಡಿ ತಾಯಿ," ಎಂದು ಓವರ್‌ಸಿಯರ್ ಅಡ್ಡ ಬಂದರು. ಮೇಷ್ಟ್ರ ಕಡೆ ತಿರುಗಿ, "ನೋಡಿ ಸ್ವಾಮಿ, ಗೊತ್ತಿಲ್ಲ ಅಂತ ಮಾತ್ರ ಎಲ್ಲೂ ಒಪ್ಕೋಬೇಡಿ. ಸೇತುವೆ ವಾಲಿದ್ರೂ ನಾನು ಅದು ಹಾಗೇ ಇರಬೇಕು ಅಂತಲೇ ಹೇಳ್ತಿದ್ದೆ," ಎಂದರು.

ಕಾಲೇಜಿನಲ್ಲಿ ಗಣಿತದ ಮೇಷ್ಟ್ರು ಕಾದಿದ್ದರು. ಯಾರೂ ಕೇಳದಿದ್ದರೂ ಸಹಾಯಕ್ಕೆ ಧುಮುಕುವ ಮನುಷ್ಯ. ರಿಮೋಟನ್ನು ಆಗಲೇ ಕೈಗೆ ತೆಗೆದುಕೊಂಡಿದ್ದರು. "ನೀವು ಪಾಠದ ಕಡೆ ಗಮನ ಕೊಡಿ. ಈ ಯಂತ್ರದ ಉಸಾಬರಿ ನನಗಿರಲಿ," ಎಂದರು.

ಪರಿಣತೆ ಮೊದಲ ಸಾಲಿನಲ್ಲಿ ಪ್ರಿನ್ಸಿಪಾಲರ ಪಕ್ಕ ಕುಳಿತರು. ಬೆಳ್ಳಿಗೂದಲು, ದಪ್ಪ ಕನ್ನಡಕ, ತೊಡೆಯ ಮೇಲೆ ದೊಡ್ಡ ಚೀಲ. ಮುಖ ನೋಡಿದರೆ ಮುಚ್ಚಿದ ಬ್ಯಾಂಕಿನ ಬಾಗಿಲಿನಂತಿತ್ತು.

ಗಣಿತದ ಮೇಷ್ಟ್ರು ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿ ಹಾಕಿದರು. ಪಾಠ ಚೆನ್ನಾಗಿಯೇ ಶುರುವಾಯಿತು. ಮೇಷ್ಟ್ರಿಗೆ ವಿಷಯ ಗೊತ್ತಿತ್ತು, ಪ್ರೀತಿಯೂ ಇತ್ತು. "ಗಮನಿಸಿ, ಮನುಷ್ಯ ಚಂದ್ರನ ಆಚೆ ಹೋಗಿದ್ದಾನೆ. ಆದರೂ ನೌಕೆಯಲ್ಲಿ ಇರೋ ಒಬ್ಬಳೇ ಹೆಂಗಸಿನ ಕೆಲಸ ಏನು? ಕ್ಯಾಪ್ಟನ್‌ಗೆ ಕಾಫಿ ತರೋದು. ಅಂದ್ರೆ ಬರೆದವರು ನೌಕೆಯನ್ನ ಮುಂದಿನ ಶತಮಾನಕ್ಕೆ ಹಾರಿಸಿದರು, ಮನೆಯನ್ನ ಮಾತ್ರ ಹಿಂದೇ ಬಿಟ್ಟರು." ವಿದ್ಯಾರ್ಥಿಗಳು ನಕ್ಕರು. ಪ್ರಿನ್ಸಿಪಾಲರು ತಲೆದೂಗಿದರು. ಪರಿಣತೆ ಮಾತ್ರ ಮಿಸುಕಲಿಲ್ಲ.

ತೆರೆಯ ಮೇಲೆ ಮೂರು ಕಣ್ಣಿನವನು ಬಾಗಿಲು ತಟ್ಟಿದ. "ಈಗ ಬರೋನು ಪರಕೀಯ. ಅವನನ್ನ ಹೇಗೆ ತೋರಿಸ್ತಾರೆ ಅನ್ನೋದೇ ಮುಖ್ಯ," ಎಂದರು ಮೇಷ್ಟ್ರು.

ಬಾಗಿಲು ತೆರೆಯಿತು. ಝಗ್ಗೆಂದು ಬಣ್ಣ ಬಂತು. ಗುಲಾಬಿ ಗೋಡೆಯ ಮುಂದೆ ಗುಂಡು ಮುಖದ ಹೆಂಗಸೊಬ್ಬಳು ಹಳದಿ ಉಲ್ಲನ್ ಹಿಡಿದು ಕುಳಿತಿದ್ದಳು. "ಇವತ್ತು ಕಾಲರ್. ಎರಡು ಕುಣಿಕೆ ಮೇಲೆ, ಒಂದು ಕೆಳಗೆ," ಎಂದಳು.

ಮೇಷ್ಟ್ರು ಗಕ್ಕನೆ ತೆರೆಯ ಕಡೆ ತಿರುಗಿದರು. ಅತ್ತೆಯ ಅರ್ಧ ಮಾತು ಈಗ ಪೂರ್ತಿ ಅರ್ಥವಾಯಿತು. ಗಣಿತದ ಮೇಷ್ಟ್ರಿಗೆ ಕಣ್ಸನ್ನೆ ಮಾಡಿದರು. ಅವರು ಅದನ್ನು ಕೇಳಿಸುತ್ತಿಲ್ಲ ಎಂಬ ದೂರೆಂದು ತಿಳಿದು ದನಿ ಜೋರು ಮಾಡಿದರು.

ನಲವತ್ತು ಮುಖಗಳು ಮೇಷ್ಟ್ರತ್ತ ತಿರುಗಿದವು. ಅವರ ಕಿವಿಯಲ್ಲಿ ಓವರ್‌ಸಿಯರರ ಬೆಳಗಿನ ಬುದ್ಧಿಮಾತು ಗುಂಯ್‌ಗುಟ್ಟಿತು.

"ಇದು," ಎಂದರು ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ನಿರೂಪಣೆಯಲ್ಲಿ ಒಂದು ದಿಟ್ಟ ಜಿಗಿತ. ಇಷ್ಟು ಹೊತ್ತು ಕಪ್ಪುಬಿಳುಪು, ಈಗ ಬಣ್ಣ. ಯಾಕೆ? ಯಾಕಂದ್ರೆ ಈಗ ಅಧಿಕಾರ ಕೈ ಬದಲಾಯಿಸಿದೆ. ಕಾಫಿ ತರ್ತಿದ್ದ ಹೆಣ್ಣು ಈಗ ಆಜ್ಞೆ ಕೊಡ್ತಿದ್ದಾಳೆ."

"ಈಗ ನಾಲ್ಕು ಕುಣಿಕೆ ಬಿಡಿ," ಎಂದಳು ತೆರೆಯ ಹೆಂಗಸು.

"ಕೇಳಿದ್ರಾ? ಬಿಡಿ ಅಂತಾಳೆ. ಯಾರಿಗೆ ಹೇಳ್ತಿದ್ದಾಳೆ? ಕ್ಯಾಪ್ಟನ್‌ಗೆ."

ಹಿಂದಿನ ಬೆಂಚಿನ ಹುಡುಗಿ ಎದ್ದು, "ಸಾರ್, ಹಾಗಾದ್ರೆ ಮೂರು ಕಣ್ಣಿನೋನು?" ಎಂದಳು.

"ಅವನನ್ನ ಅವಳು ಒಳಗೇ ಸೇರಿಸಿಕೊಂಡಿದ್ದಾಳಮ್ಮ. ಬೇರೆ ಬೇರೆ ಎಳೆಗಳನ್ನ ಹೆಣೀತಿದ್ದಾಳೆ. ಹೊರಗಿನೋನು, ಒಳಗಿನೋನು ಅಂತ ಭೇದವೇ ಇಲ್ಲ ಇಲ್ಲಿ."

ಹೇಳುತ್ತಾ ಹೇಳುತ್ತಾ ಮೇಷ್ಟ್ರಿಗೇ ಅದು ನಿಜವಿರಬಹುದು ಅನ್ನಿಸತೊಡಗಿತು. ಓರೆಗಣ್ಣಲ್ಲಿ ನೋಡಿದರೆ ಪರಿಣತೆ ಕುರ್ಚಿಯ ತುದಿಗೆ ಬಂದಿದ್ದರು. ಕನ್ನಡಕ ಹಣೆಗೇರಿತ್ತು, ಕಣ್ಣು ಮಿಟುಕಿಸುತ್ತಿರಲಿಲ್ಲ, ಬೆರಳುಗಳು ಏನನ್ನೋ ಎಣಿಸುತ್ತಿದ್ದವು. ಅಂಕ ಎಣಿಸುತ್ತಿದ್ದಾರೆ ಅಂದುಕೊಂಡ ಮೇಷ್ಟ್ರು ಇನ್ನಷ್ಟು ಏರಿದರು. ಪಾಠ ಮುಗಿದಾಗ ಇಡೀ ಕೋಣೆ ಚಪ್ಪಾಳೆ ತಟ್ಟಿತು. ಪ್ರಿನ್ಸಿಪಾಲರು ಕೈ ಕುಲುಕಿ, "ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನೆಲ್ಲ?" ಎಂದರು.

ಪರಿಣತೆ ಮೇಷ್ಟ್ರನ್ನು ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿದರು.

ಚಪ್ಪಾಳೆಯ ಶಾಖ ಇಳಿಯುತ್ತಿದ್ದಂತೆ ಮೇಷ್ಟ್ರಿಗೆ ನಾಚಿಕೆ ಶುರುವಾಗಿತ್ತು. ಆ ಹುಡುಗಿ ತಾವು ಹೇಳಿದ್ದನ್ನೆಲ್ಲ ಶ್ರದ್ಧೆಯಿಂದ ಬರೆದುಕೊಂಡದ್ದು ಕಣ್ಣಿಗೆ ಕಟ್ಟಿತ್ತು. ಸುಳ್ಳು ಪಾಠ ಹೇಳಿ ಕಾಯಂ ಆಗುವುದು ಬೇಡವೆನಿಸಿತು. "ಮೇಡಂ, ಒಂದು ಮಾತು. ಆ ಬಣ್ಣದ ಭಾಗ ಧಾರಾವಾಹಿ ಅಲ್ಲ. ಅದು..."

"ಹೆಣಿಗೆ ಪಾಠ. ಗೊತ್ತು," ಎಂದರು ಪರಿಣತೆ. ಚೀಲದಿಂದ ಕತ್ತಿಲ್ಲದ ಒಂದು ಪುಟ್ಟ ಹಳದಿ ಸ್ವೆಟರ್ ಹೊರಬಂತು. "ಮೊಮ್ಮಗನಿಗೆ. ಇವತ್ತು ಕಾಲರ್ ಹೇಳಿಕೊಡೋರಿದ್ರು. ನಿಮ್ಮ ಪಾಠಕ್ಕೆ ಅಂತ ಬೆಳಗಿನ ರೈಲು ಹತ್ತಿದೆ, ತಪ್ಪಿಹೋಯ್ತಲ್ಲ ಅಂತ ದಾರಿಯುದ್ದಕ್ಕೂ ಬೇಜಾರು. ನೀವು ದೇವರ ಹಾಗೆ ತಂದು ತೋರಿಸಿದ್ರಿ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನನ್ನ ಪಾಠ..."

"ಅದೇ ನೋಡಿ ತೊಂದರೆ. ಕಾಲರ್ ಶುರುವಾದ ಮೇಲೆ ನೀವಾಡಿದ ಒಂದು ಮಾತೂ ನನ್ನ ಕಿವಿಗೆ ಬಿದ್ದಿಲ್ಲ. ಕೇಳದೆ ಹೂಂ ಅನ್ನೋದು ಅನ್ಯಾಯ ಅಲ್ವಾ? ಮುಂದಿನ ವಾರ ಬರ್ತೀನಿ, ಇನ್ನೊಂದು ಸಲ ಮಾಡಿ."

ಅವರು ಮೇಷ್ಟ್ರ ಕೈಯಿಂದ ಮೆಲ್ಲಗೆ ಕ್ಯಾಸೆಟ್ ತೆಗೆದುಕೊಂಡು, ಸ್ವೆಟರ್‌ನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. "ಇದು ಅಲ್ಲೀತನಕ ನನ್ನ ಹತ್ರ ಇರಲಿ. ಆದ್ರೆ ಮುಂದಿನ ಸಲ ಮಾತ್ರ ಹೆಣಿಗೆ ಬೇಡ. ಆ ಮೂರು ಕಣ್ಣಿನೋನು ಒಳಗೆ ಬಂದು ಏನು ಮಾಡಿದ ಅಂತ ಕೊನೇತನಕ ತೋರಿಸಬೇಕು."

"ಆಗಲಿ ಮೇಡಂ," ಎಂದರು ಮೇಷ್ಟ್ರು. ಪ್ರಪಂಚದಲ್ಲಿ ಅವರಿಗೆ ಸಿಕ್ಕಿದ್ದ ಒಬ್ಬನೇ ಒಬ್ಬ ಮೂರು ಕಣ್ಣಿನವನು ಕಾಲರ್‌ನ ಅಡಿಗೆ ಸಿಕ್ಕಿ ಅಳಿಸಿಹೋಗಿದ್ದ. ಉಳಿದಿದ್ದ ಕ್ಯಾಪ್ಟನ್ನೂ ರಟ್ಟಿನ ನೌಕೆಯ ಸಮೇತ ಈಗ ಚೀಲದೊಳಗೆ ಕುಳಿತು, ರೈಲು ಹಿಡಿಯಲು ಹೊರಟಿದ್ದ.