ಗೋಡೆಯೆದುರು ನಡೆಸುವ ಟ್ರೆಡ್‌ಮಿಲ್ ಮಹಾಶಯರಿಗೆ

ಜಿಮ್ಮಿನ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ನಿಂತಿರುವ ಟ್ರೆಡ್‌ಮಿಲ್ ಅವರ ಸಮ್ಮುಖಕ್ಕೆ,

ಮಾನ್ಯರೇ,

ತಮ್ಮ ಪಟ್ಟಿಯೂ ಮೋಟರೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಬರಿಯ ದೂರಾಗಿಯೇ ಬರೆದು ಮುಗಿಸುವ ಯೋಚನೆಯಿತ್ತು. ನಾನು ತಮ್ಮ ಬಳಿ ಬಂದದ್ದು ಸೊಂಟ ಕರಗಿಸಲು ಅಲ್ಲ, ನನ್ನ ಅಮ್ಮನನ್ನು ಸೋಫಾದಿಂದ ಎಬ್ಬಿಸಲು ಎಂಬ ಮಾತನ್ನು ಇನ್ನೇನು ಬಿಟ್ಟೇಬಿಡುವವಳಿದ್ದೆ. ಬಿಟ್ಟಿದ್ದರೆ ಪತ್ರಕ್ಕೆ ಘನತೆ ಇರುತ್ತಿತ್ತು, ಅರ್ಥ ಇರುತ್ತಿರಲಿಲ್ಲ.

ಅಮ್ಮ ಕೆಲವು ತಿಂಗಳು ನನ್ನ ಮನೆಯಲ್ಲಿ, ಕೆಲವು ತಿಂಗಳು ತಂಗಿಯ ಮನೆಯಲ್ಲಿ ಇರುತ್ತಾಳೆ. ಮಂಡಿ ಸೋತ ಮೇಲೆ ಕೂತಲ್ಲಿಂದ ಏಳಲು ಅವಳಿಗೆ ಆಸರೆ ಬೇಕು. ಕಳೆದ ಸಲ ನಮ್ಮ ತಗ್ಗು ಸೋಫಾದಿಂದ ಅವಳನ್ನು ಎಬ್ಬಿಸಲು ಹೋಗಿ, ಅವಳು ಏಳುವ ಬದಲು ನಾನೇ ಅವಳ ಮಡಿಲಲ್ಲಿ ಹೋಗಿ ಕೂತೆ. ಕೊನೆಗೆ ಮಹಡಿ ಮೇಲಿನ ಬ್ಯಾಂಕ್ ಗುಮಾಸ್ತರು ಬಂದು, "ಬನ್ನಿ ಅಜ್ಜಿ, ಹಿಡ್ಕೊಳ್ಳಿ ಗಟ್ಟಿಯಾಗಿ" ಎಂದು ಎತ್ತಿ ನಿಲ್ಲಿಸಿದರು. ಅವರ ಎದುರು ಅಮ್ಮ ನಕ್ಕಳು. ಅವರು ಹೋದ ಮೇಲೆ ನಗಲಿಲ್ಲ. ನನ್ನ ಯಜಮಾನರು ಎತ್ತರದ ಕುರ್ಚಿಯೊಂದನ್ನು ತಂದಿಟ್ಟರು. "ಇದ್ರಲ್ಲಿ ಕೂತ್ರೆ ಪರೀಕ್ಷೆ ಬರೆಯೋಕೆ ಬಂದ ಹಾಗಿರುತ್ತೆ" ಎಂದು ಅಮ್ಮ ಅದನ್ನು ಮುಟ್ಟಲಿಲ್ಲ. ತಂಗಿಯ ಮನೆಗೆ ಹೋದ ಮೇಲೆ ಫೋನಿನಲ್ಲಿ, "ಇಲ್ಲೇ ಇದ್ಬಿಡ್ತೀನಿ ಕಣೇ, ನಿನಗ್ಯಾಕೆ ತೊಂದ್ರೆ" ಎನ್ನತೊಡಗಿದಳು. ನಾನು ಒತ್ತಾಯಿಸಿದರೆ ತಂಗಿ ಫೋನು ಕಸಿದುಕೊಂಡು, "ಅಕ್ಕಾ, ನೀನು ಮೆಟ್ಟಿಲು ಹತ್ತಿ ಏದುಸಿರು ಬಿಡೋದು ನೋಡಿದ್ರೆ ಮೊದಲು ನಿನ್ನನ್ನೇ ಎತ್ತಬೇಕು" ಎಂದಳು. ಆ ವಾರವೇ ಜಿಮ್ಮಿಗೆ ಸೇರಿದೆ.

ಅಲ್ಲಿದ್ದ ಯಂತ್ರಗಳಲ್ಲಿ ಮುಂದು ಯಾವುದು, ಹಿಂದು ಯಾವುದು ಎಂದು ನನಗೆ ಗೊತ್ತಾದದ್ದು ತಮ್ಮೊಬ್ಬರದೇ. ಆದ್ದರಿಂದ ತಮ್ಮನ್ನೇ ಆರಿಸಿಕೊಂಡೆ. ಹತ್ತಿದ ಕೂಡಲೇ ತಾವು ನನ್ನ ವಯಸ್ಸು, ಆಮೇಲೆ ತೂಕ ಕೇಳಿದಿರಿ. ಮೊದಲ ಭೇಟಿಯಲ್ಲೇ ಈ ಎರಡನ್ನೂ ಕೇಳುವ ಧೈರ್ಯ ನಮ್ಮ ನೆಂಟರಲ್ಲಿ ಒಬ್ಬ ಸೋದರತ್ತೆಗೆ ಮಾತ್ರ ಇತ್ತು. ಆಕೆಯೂ ಕೇಳುವ ಮೊದಲು ಕುಡಿಯಲು ನೀರು ಕೊಡುತ್ತಿದ್ದರು. ಪಕ್ಕದವರು ಇಣುಕುತ್ತಿದ್ದ ಕಾರಣ ನಾನು ತಂಗಿಯ ತೂಕವನ್ನು ಒತ್ತಿದೆ. ತಾವು ಕಿಂಚಿತ್ತೂ ಸಂಶಯಪಡದೆ ನಂಬಿದಿರಿ. ಅಂದಿನಿಂದ ತಮ್ಮ ಲೆಕ್ಕದಲ್ಲಿ ಕರಗುತ್ತಿರುವವಳು ಅವಳೇ.

ಇನ್ನು ಒರೆಸುವ ವಿಷಯ. "ಬಳಸಿದವರು ಒರೆಸಿ ಹೋಗತಕ್ಕದ್ದು" ಎಂದು ಗೋಡೆಯ ಮೇಲೆ ಬರೆದಿದೆ. ಹೊಸಬಳಾದ ನನಗೆ ಆ ಕೋಣೆಯಲ್ಲಿ ಸಂಪೂರ್ಣ ಅರ್ಥವಾದ ಕೆಲಸ ಅದೊಂದೇ ಆಗಿದ್ದರಿಂದ ಹತ್ತುವ ಮೊದಲು ಒರೆಸಿದೆ, ಇಳಿದ ಮೇಲೆ ಒರೆಸಿದೆ, ಭಾರ ಎತ್ತುವವರ ಕಡೆಗೆ ಹೋಗಲು ಧೈರ್ಯ ಸಾಲದ ದಿನಗಳಲ್ಲಿ ತಮ್ಮ ಅಕ್ಕಪಕ್ಕದವರನ್ನೂ ಒರೆಸಿದೆ. ಒಂದು ದಿನ ಹೊಸದಾಗಿ ಸೇರಿದ ಹೆಂಗಸೊಬ್ಬರು ನನ್ನನ್ನು ಕರೆದು, "ಅಮ್ಮಾ, ಈ ಸೈಕಲ್ಲೂ ಸ್ವಲ್ಪ ಒರೆಸಿಬಿಡಿ" ಎಂದರು. ನಾನು ಒರೆಸಿದೆ. ಮಾತ್ರವಲ್ಲ, ಥ್ಯಾಂಕ್ಸ್ ಹೇಳಿದವಳೂ ನಾನೇ. ದಿನ ತಪ್ಪದೆ ಜಿಮ್ಮಿಗೆ ಹೋಗುವ ಅಭ್ಯಾಸ ಬೆಳೆಯುವುದು ಕಷ್ಟವೆಂದು ಎಲ್ಲರೂ ಹೆದರಿಸಿದ್ದರು. ನನಗದು ಎಷ್ಟು ಸಲೀಸಾಗಿ ಬೆಳೆಯಿತೆಂದರೆ, ಹಾಸಿಗೆ ಬಿಡುವಾಗಲೇ ಕೈ ಬಟ್ಟೆ ಹುಡುಕುತ್ತಿತ್ತು.

ತಮ್ಮ ನಿಷ್ಠೆಯನ್ನು ಹೊಗಳದಿದ್ದರೆ ಅಪಚಾರವಾದೀತು. ಎಷ್ಟು ಬೆವರು ಹರಿಸಿದರೂ ತಾವು ನನ್ನನ್ನು ಹತ್ತಿದ ಜಾಗದಲ್ಲೇ, ಅದೇ ಗೋಡೆಯ ಅದೇ ಬಿರುಕಿನ ಎದುರು ಇಳಿಸುತ್ತೀರಿ. ದಾರಿ ತಪ್ಪಿಸಿದರೆಂದು ತಮ್ಮ ಮೇಲೆ ಯಾರೂ ಬೆರಳೆತ್ತುವಂತಿಲ್ಲ. ಇಳಿಯುವಾಗ ಪರದೆಯ ಮೇಲೆ ಅಭಿನಂದನೆ ಬೇರೆ. ಈ ಅಭಿನಂದನೆಯ ಹುಮ್ಮಸ್ಸಿನಲ್ಲೇ ಅಮ್ಮನಿಗೆ ಫೋನು ಮಾಡಿ, ಈಗ ನಾನು ದಿನಾ ನಡೆಯುತ್ತೇನೆ, ನಿಲ್ಲದೆ ನಡೆಯುತ್ತೇನೆ ಎಂದು ಕೊಚ್ಚಿಕೊಂಡೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಒಳ್ಳೇದಾಯ್ತು. ಆದ್ರೆ ನೀನು ನಡೆದ್ರೆ ನಾನು ಹೇಗೆ ಏಳ್ತೀನೇ?" ಎಂದಳು.

ಮಾನ್ಯರೇ, ಈ ಪ್ರಶ್ನೆ ತಮಗೂ ನನಗೂ ಅಷ್ಟು ದಿನ ಹೊಳೆಯಲಿಲ್ಲ. ತಮಗೆ ಹೊಳೆಯದ್ದಕ್ಕೆ ತಾವು ಯಂತ್ರ ಎಂಬ ನೆಪವಿದೆ.

ಮರುದಿನ ಬಟ್ಟೆಯನ್ನು ಕೆಳಗಿಟ್ಟು, ಕೊರಳಲ್ಲಿ ಸದಾ ಸೀಟಿ ತೂಗುವ ಕಾರಣ ನಾವೆಲ್ಲ ಸೀಟಿ ಮೇಡಂ ಎಂದು ಕರೆಯುವ ತರಬೇತಿಯವರ ಬಳಿ ಹೋಗಿ, "ನಾನು ಒಬ್ಬರನ್ನ ಎತ್ತಬೇಕು" ಎಂದೆ. "ಯಾರನ್ನ, ಯಜಮಾನ್ರನ್ನಾ?" ಎಂದು ಅವರು ನಕ್ಕರು. ಅಮ್ಮನನ್ನು ಎಂದೆ. ನಗು ನಿಲ್ಲಿಸಿ ಒಂದು ಗಿಡ್ಡ ಸ್ಟೂಲನ್ನು ಎಳೆದುಕೊಂಡು ಬಂದರು. ಈಗ ನಾನು ಮರಳು ತುಂಬಿದ ಚೀಲವನ್ನು ಎದೆಗವಚಿಕೊಂಡು ಆ ಸ್ಟೂಲಿನ ಮೇಲೆ ಕೂರುತ್ತೇನೆ, ಏಳುತ್ತೇನೆ. ಏಳುವಾಗ ನನ್ನ ಬಾಯಿಂದ ಹೊರಡುವ ಸದ್ದಿಗೆ ಆಸುಪಾಸಿನವರು ತಿರುಗಿ ನೋಡುತ್ತಾರೆ. ಚೀಲವೇನೋ ಸಾಧು. ಅದು "ಮೆಲ್ಲಗೆ ಕಣೇ" ಎನ್ನುವುದಿಲ್ಲ, ಅರ್ಧ ಎದ್ದು ಮನಸ್ಸು ಬದಲಾಯಿಸುವುದೂ ಇಲ್ಲ. ಅಮ್ಮ ಎರಡನ್ನೂ ಮಾಡುತ್ತಾಳೆ. ಆದ್ದರಿಂದ ನನಗೆ ನನ್ನ ಮೇಲೆ ಪೂರ್ತಿ ನಂಬಿಕೆ ಬಂದಿಲ್ಲವೆಂದು ಇಲ್ಲೇ ಬರೆದುಬಿಡುತ್ತೇನೆ.

ತಮ್ಮಲ್ಲಿ ನನ್ನ ಕೋರಿಕೆ ಅತ್ಯಲ್ಪ. ಹಾಸಿಗೆ ಬಿಡಲು ಮನಸ್ಸಾಗದ ಬೆಳಗುಗಳಲ್ಲಿ ತಾವೇ ನಮ್ಮ ಮನೆಯವರೆಗೆ ಬಂದು, ಮಂಚದ ಅಂಚಿನಿಂದ ಜಿಮ್ಮಿನ ಬಾಗಿಲವರೆಗೆ ತಮ್ಮ ಪಟ್ಟಿಯನ್ನು ಹಾಸಿ, ಹೊದಿಕೆಯ ಸಮೇತ ನನ್ನನ್ನು ಆ ಸ್ಟೂಲಿನ ಬಳಿ ತಲುಪಿಸುವುದು. ತಮ್ಮ ಜೀವಮಾನದಲ್ಲಿ ಒಬ್ಬರನ್ನಾದರೂ ಎಲ್ಲಿಗಾದರೂ ತಲುಪಿಸಿದ ಕೀರ್ತಿ ತಮಗೂ ಬರಲಿ ಎಂಬುದೇ ನನ್ನ ಆಸೆ.

ತಮ್ಮ ಮೇಲೆ ಎಷ್ಟು ನಡೆದರೂ ಎಲ್ಲಿಗೂ ಹೋಗದ,
ತಮ್ಮ ವಿಶ್ವಾಸಿ,
ಬಟ್ಟೆ ಹಿಡಿದ ಹೆಂಗಸು

ಮರೆತ ಮಾತು: ತಾವು ಇದುವರೆಗೆ ಲೆಕ್ಕ ಹಾಕಿ ತೋರಿಸಿದ ದೂರವನ್ನು ರಸ್ತೆಯ ಮೇಲೆ ನಡೆದಿದ್ದರೆ, ತಂಗಿಯ ಮನೆ ತಲುಪಿ, ಅಮ್ಮನ ಜೊತೆ ಹೊಟ್ಟೆ ತುಂಬ ಹರಟಿ ವಾಪಸು ಬಂದಿರಬಹುದಿತ್ತು. ಪರದೆಯ ಮೇಲೆ ಇಷ್ಟೆಲ್ಲ ಬರೆಯುವ ತಾವು ಇದನ್ನೂ ಒಂದು ಸಾಲು ಬರೆಯಬಹುದಿತ್ತು.

ಅಮ್ಮ ಭಾನುವಾರ ಬರುತ್ತಾಳೆ. "ಬಂದು ನೋಡ್ತೀನಿ. ಗುಮಾಸ್ತರಿಗೆ ಮಾತ್ರ ಹೇಳ್ಬೇಡ" ಎಂದಿದ್ದಾಳೆ. ನಾನು ಹೇಳಿಲ್ಲ. ಅವಳು ನಮ್ಮ ಮನೆಯಲ್ಲಿ ಒಮ್ಮೆ ಕೂತು, ಒಮ್ಮೆ ಎದ್ದ ಮೇಲೆಯೇ ಈ ಪತ್ರ ಅಂಚೆಗೆ.

ಅಂಚೆಗೆ ಹಾಕಿದ್ದು: ಸೋಮವಾರ, ಮಾರ್ಚ್ ಹನ್ನೊಂದು.