ನಾಲ್ಕನೆಯ ಜೇನುಪೆಟ್ಟಿಗೆ

ಮೂರು ಎಂದರೆ ಮೂರೇ. ಹಿತ್ತಲಲ್ಲಿ ನಾಲ್ಕನೆಯ ಜೇನುಪೆಟ್ಟಿಗೆ ಕಂಡರೆ ಒಂದೋ ಅದಿರಬೇಕು, ಇಲ್ಲವೇ ತಾನಿರಬೇಕು ಎಂದು ಹೆಸ್ಟರ್ ಗಂಡನಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಹೆರೆಫರ್ಡ್‌ಶೈರಿನ ಆ ಹಳ್ಳಿಯಲ್ಲಿ ಹೆಸ್ಟರ್ ಪ್ಯೂ ಆಡಿದ ಮಾತನ್ನು ಪಾದ್ರಿಗಳೇ ಮೀರುತ್ತಿರಲಿಲ್ಲ. ಇನ್ನು ಕ್ಲೆಮ್ ಪ್ಯೂ ಯಾವ ಲೆಕ್ಕ? (ಕೈಹಿಡಿದ ಗಂಡ, ಅಷ್ಟೆ.)

ಆದರೆ ಜೇನುಹುಳುಗಳು ಹೆಸ್ಟರಳಿಗೆ ಹೆದರಬೇಕಲ್ಲ! ಭಾನುವಾರ ಬೆಳಿಗ್ಗೆ ಕ್ಲೆಮ್ ನಡುವಣ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಒಳಗೆ ಕಾಲಿಡಲು ಜಾಗವಿಲ್ಲ. ಹೊಸ ರಾಣಿಯರ ಗೂಡುಗಳು ಬೇರೆ ಇಳಿಬಿದ್ದಿವೆ. ಬಿಸಿಲೇರಿದರೆ ಹಳೆಯ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹಾರಿಹೋಗುವುದು ಖಂಡಿತ. ಅಪ್ಪನ ಕಾಲದಿಂದ ಬಂದ ಸಾಧು ಹುಳುಗಳವು. ಉಳಿದ ಉಪಾಯ ಒಂದೇ: ಅವು ಹಾರುವ ಮೊದಲೇ ಅರ್ಧವನ್ನು ಖಾಲಿ ಪೆಟ್ಟಿಗೆಗೆ ಇಳಿಸಿ, ಒಂದು ಸಂಸಾರವನ್ನು ಎರಡು ಮಾಡುವುದು. ಅಲ್ಲಿಯ ಜೇನು ಸಾಕುವವರು ಇದಕ್ಕೆ 'ಇನ್‌ಕ್ರೀಸ್' ಎನ್ನುತ್ತಾರೆ. (ನಮ್ಮಲ್ಲೂ ಕತ್ತರಿಸಿದರೂ ಹೆಚ್ಚುವುದೇ, ಬೆಳೆದರೂ ಹೆಚ್ಚುವುದೇ ತಾನೆ?)

"ಇದು ಹೊಸ ಪೆಟ್ಟಿಗೆ ಅಲ್ವೇ ಮಾರಾಯ್ತಿ, ಬರೀ ಇನ್‌ಕ್ರೀಸು," ಎಂದು ತಿಂಡಿಯ ಮೇಜಿನಲ್ಲಿ ರಾಗ ಎಳೆದ.

"ಆ ಮಾತು ನನ್ ಮುಂದೆ ಎತ್ತಬೇಡ!" ಹೆಸ್ಟರ್ ಚಮಚ ಕುಕ್ಕಿದಳು. "ಸಂಬಳ ಇನ್‌ಕ್ರೀಸ್ ಆಗುತ್ತೆ ಅಂದೆ, ಆಯ್ತಾ? ಆಗಿದ್ದು ನಿನ್ ಹೊಟ್ಟೆ. ಅದಕ್ಕೆ ಹೆಣೆಯೋ ಸ್ವೆಟರಿನ ಕುಣಿಕೆ ಇನ್‌ಕ್ರೀಸ್ ಮಾಡಿ ಮಾಡಿ ನನ್ ಬೆರಳು ಸವೀತು!"

"ಹಾರಿಹೋದ್ರೆ ಅಪ್ಪನ ಹುಳು ಮತ್ತೆ ಸಿಗಲ್ಲ ಕಣೇ."

"ಪೆಟ್ಟಿಗೆ ಎಲ್ಲಿಡ್ತೀಯ? ನನ್ ರುಬಾರ್ಬ್ ದಂಟಿನ ಮಡೀಲಿ ತಾನೇ? ನಿನ್ ಬೆಂಚಿನ ಜಾಗ ಬಿಟ್ಕೊಡು, ನೋಡೋಣ!"

ಪೇರು ಮರದ ಕೆಳಗಿನ ಆ ಬೆಂಚು ಕ್ಲೆಮ್‌ನ ಸಿಂಹಾಸನ. ಭಾನುವಾರ ಪೈಪು ಸೇದಲು ಅವನಿಗೆ ಅದೊಂದೇ ಗತಿ. ಗುಟ್ಟಾಗಿ ಮಾಡುವುದೇ ಸೈ ಎಂದುಕೊಂಡು ಎದ್ದ.

ಹೆಂಡತಿ ಚರ್ಚಿಗೆ ಹೊರಟೊಡನೆ ಕೆಲಸ ಮುಗಿಸಬೇಕು. ಆದರೆ ಹೊರಡಬೇಕಲ್ಲ! ಟೋಪಿ ಸಿಗಲಿಲ್ಲ. ಸಿಕ್ಕಿದ ಟೋಪಿ ಸರಿಬರಲಿಲ್ಲ. ಬಿಸಿಲೇರಿತು, ಹುಳುಗಳು ಪೆಟ್ಟಿಗೆಯ ಬಾಗಿಲಲ್ಲಿ ಗಡ್ಡ ಇಳಿಬಿಟ್ಟಂತೆ ಜೋತುಬಿದ್ದವು. ಕಿಟಕಿಯ ಬಳಿ ಕ್ಲೆಮ್ ಬೆವರಿದ. ಕೊನೆಗೆ ಅವಳು ಚರ್ಚಿನ ಚಹಾಕ್ಕೆಂದು ದೊಡ್ಡ ಪಾತ್ರೆ ಹಿಡಿದು ಗೇಟು ದಾಟಿದಳು.

ಕ್ಲೆಮ್ ಷೆಡ್ಡಿಗೆ ಓಡಿದ. ಖಾಲಿ ಪೆಟ್ಟಿಗೆಯಲ್ಲಿ ಹೆಸ್ಟರಳ ಕೋಳಿ ಕಾವಿಗೆ ಕೂತಿತ್ತು!

"ಏಳೇ ತಾಯಿ, ನಿನ್ ದಮ್ಮಯ್ಯ!" ಎಂದು ಕೈಹಾಕಿದ. ಕೋಳಿ ಕುಕ್ಕಿತು. ಮತ್ತೆ ಹಾಕಿದ, ಮತ್ತೆ ಕುಕ್ಕಿತು. ಅಷ್ಟರಲ್ಲಿ ಹೊರಗೆ ಭೋರ್ ಎಂಬ ಸದ್ದು. ಓಡಿ ಬಂದು ನೋಡಿದರೆ ಅಪ್ಪನ ಹುಳುಗಳು ಕರಿಮೋಡವಾಗಿ ಬೇಲಿ ದಾಟುತ್ತಿವೆ.

ಓಡಿದ. ಹೊಟ್ಟೆ ಒಂದು ಕಡೆ, ಉಸಿರು ಇನ್ನೊಂದು ಕಡೆ. ತಿರುವಿನಲ್ಲಿ ಮೋಡ ಕಣ್ಮರೆಯಾಯಿತು. ಕ್ಲೆಮ್ ಬೇಲಿಗೆ ಒರಗಿ ಅತ್ತೇಬಿಟ್ಟ.

ಆಗ ಕೇಳಿಸಿತು, ಟಣ್ ಟಣ್ ಟಣ್!

ಚರ್ಚಿನ ಅಂಗಳದಲ್ಲಿ ಹೆಸ್ಟರ್ ವಾರೆಯಾದ ಟೋಪಿಯಲ್ಲಿ ಚಹಾದ ಪಾತ್ರೆ ಬಡಿಯುತ್ತ ನಿಂತಿದ್ದಳು. ದಾರಿಯಲ್ಲೇ ಹುಳುಗಳನ್ನು ಕಂಡು, ಸದ್ದಿಗೆ ಅವು ಕೆಳಗಿಳಿಯಲೆಂದು ಬಡಿಯುತ್ತ ಬೆನ್ನಟ್ಟಿ ಬಂದಿದ್ದಳು. ತಲೆಯ ಮೇಲಿನ ಕೊಂಬೆಯಲ್ಲಿ ಜೇನು ಗೊಂಚಲುಗಟ್ಟಿತ್ತು. ಪಾದ್ರಿಗಳ ಸಮೇತ ಇಡೀ ಊರು ಬಾಗಿಲಲ್ಲಿ ಬಾಯಿಬಿಟ್ಟುಕೊಂಡು ನೋಡುತ್ತಿತ್ತು.

"ನನ್ ಚಿನ್ನ! ನಮ್ಮ ಹುಳು ಉಳಿಸಿದೆ!" ಕ್ಲೆಮ್ ಅವಳ ಕೈ ಹಿಡಿದುಕೊಂಡ.

"ಪಕ್ಕದ ಮನೆ ಬೆಡೋಸ್ ಪಾಲಾಗ್ಲಿ ಅಂತ ಬಿಡ್ಲಾ?" ಎಂದು ಹೆಸ್ಟರ್ ಟೋಪಿ ಸರಿಪಡಿಸಿಕೊಂಡಳು. "ಆದ್ರೆ 'ನಮ್ಮ' ಅಲ್ಲ, ನನ್ನ. ಹಾರಿದ ಜೇನು ಯಾರದು, ಹೇಳಿ ಪಾದ್ರಿಗಳೇ?"

"ಪಾತ್ರೆ ಬಡೀತಾ, ಕಣ್ಮರೆಯಾಗೋಕೆ ಬಿಡದೆ ಹಿಂದೆ ಬಂದವರದು," ಎಂದರು ಪಾದ್ರಿಗಳು. "ನಮ್ಮಜ್ಜನ ಕಾಲದಿಂದ ಇದೇ ರೂಢಿ."

"ಕೇಳಿದ್ಯಾ? ನಿನಗೆ ಮೂರು ಎಂದರೆ ಮೂರೇ. ಇದು ನಂದು."

"ಆಯ್ತಮ್ಮ, ನಿಂದೇ. ರುಬಾರ್ಬ್ ಮಡೀಲಿ ಇಡ್ಲಾ?"

"ರುಬಾರ್ಬ್ ಮುಟ್ಟಿದ್ರೆ ಜೋಕೆ! ನಿನ್ ಬೆಂಚು ಎತ್ತು."

ಈಗ ಪೇರು ಮರದ ಕೆಳಗೆ ಹೆಸ್ಟರಳ ಪೆಟ್ಟಿಗೆ ಗುಂಯ್‌ಗುಡುತ್ತಿದೆ. ಪೆಟ್ಟಿಗೆ ಬಿಟ್ಟುಕೊಟ್ಟ ಕೋಳಿ ಷೆಡ್ಡಿಗೆ ತಂದಿಟ್ಟ ಬೆಂಚಿನ ಮೇಲೆ ಕಾವಿಗೆ ಕೂತಿದೆ. ಕ್ಲೆಮ್ ನಿಂತುಕೊಂಡೇ ಪೈಪು ಸೇದುತ್ತಾನೆ.