ಬಾತುಕೋಳಿ ಹ್ಞೂಂ ಅನ್ನುವುದಿಲ್ಲ

ಆರು ಜನ ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರ್ ನೋಡುತ್ತ ಕುಳಿತಿರುವ ಕಡೆ ನಗುವಂಥದ್ದು ಏನು ನಡೆದೀತು ಎಂದು ನಮ್ಮ ಓಣಿಯವರು ಕೇಳುತ್ತಾರೆ. ನಡೆಯುತ್ತಲೇ ಇರುತ್ತಿತ್ತು. ಅಲ್ಲಿ ಯಾರಿಗೂ ನಗಲು ಪುರುಸೊತ್ತಿರಲಿಲ್ಲವಾದ್ದರಿಂದ, ಆ ನಗುವೆಲ್ಲ ಅಡುಗೆಕೋಣೆಯಲ್ಲಿ ನನ್ನೊಬ್ಬಳ ಪಾಲಿಗೆ ಬರುತ್ತಿತ್ತು.

ಕೊಟ್ಟೂರಿನಲ್ಲಿ ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಆ ಸಾಫ್ಟ್‌ವೇರ್ ಆಫೀಸು ಇತ್ತು. ಬೆಂಗಳೂರಿನ ದೊಡ್ಡ ಆಫೀಸಿನ ಸಣ್ಣ ಶಾಖೆ. ಒಬ್ಬ ಮ್ಯಾನೇಜರು ಮತ್ತು ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಐದು ಜನ ಎಂಜಿನಿಯರುಗಳು. ದೂರದ ಯಾವುದೋ ದೇಶದ ಹಲ್ಲಿನ ದವಾಖಾನೆಗಳಲ್ಲಿ ಯಾವ ರೋಗಿಯನ್ನು ಯಾವಾಗ ಕರೆಯಬೇಕು ಎಂಬುದನ್ನು ಇವರು ಬರೆದ ಪ್ರೋಗ್ರಾಮು ಗೊತ್ತುಮಾಡುತ್ತಿತ್ತು. ನಾನು ಅಲ್ಲಿ ಕಸ ಗುಡಿಸಿ, ಚಹಾ ಕಾಸಿ, ಮಧ್ಯಾಹ್ನದ ಅಡುಗೆ ಮಾಡುತ್ತಿದ್ದೆ.

ಒಮ್ಮೆ ನನಗೆ ದವಡೆ ಹಲ್ಲು ನೋವು ಬಂತು. ಸಂಕೋಚದಿಂದಲೇ ಎಂಜಿನಿಯರುಗಳಿಗೆ ಹೇಳಿದೆ. “ನೀವು ಆ ದೇಶದಾಗ ಇದ್ದಿದ್ರ ಹತ್ತು ನಿಮಿಷದಾಗ ಕರಸ್ತಿದ್ವಿ ಅಕ್ಕಾರ” ಎಂದರು. ನಾನು ಹಲ್ಲಿನ ಕೆಳಗೆ ಲವಂಗ ಇಟ್ಟುಕೊಂಡೆ.

೧. ಹುರುಪಿನ ಕಾಗದ

ಒಂದು ದಿನ ಬೆಂಗಳೂರಿನಿಂದ ಒಂದು ಕಾಗದ ಬಂತು. ‘ಕೆಲಸದಲ್ಲಿ ನಿಮಗೆ ಹುರುಪು ತರುವುದು ಯಾವುದು?’ ಎಂದು ಅದರಲ್ಲಿ ಕೇಳಿದ್ದರು. ಕೊಟ್ಟೂರಿನವರಲ್ಲಿ ಹುರುಪು ಕಾಣದಿದ್ದರೆ ಶಾಖೆಯನ್ನು ಮುಚ್ಚುವ ಯೋಚನೆ ಇದೆಯೆಂದು ಮ್ಯಾನೇಜರು ಮೆಲ್ಲಗೆ ತಿಳಿಸಿದರು. ಆ ಮಾತು ಕೇಳಿದ ಮೇಲೆ ಇದ್ದ ಹುರುಪೂ ಹೋಯಿತು.

ಕೂಡ್ಲಿಗಿಯಿಂದ ಬರುವ ಹೆಣ್ಣುಮಗಳೊಬ್ಬಳೇ ಮನಸ್ಸಿಟ್ಟು ಬರೆದಳು. ಶಾಖೆ ಮುಚ್ಚಿದರೆ ಸಣ್ಣ ಮಗಳನ್ನು ಬಿಟ್ಟು ಆಕೆ ಎಲ್ಲಿಗೂ ಹೋಗುವಂತಿರಲಿಲ್ಲ. ಹರಪನಹಳ್ಳಿಯ ಹುಡುಗ ಅರ್ಧ ತಾಸು ಪೆನ್ನು ಕಚ್ಚಿದ. “ಏನ್ ಬರದೀಯವಾ?” ಎಂದು ಆಕೆಯ ಕಾಗದ ಇಸಿದುಕೊಂಡು, ಪೂರ್ತಿ ಇಳಿಸಿಕೊಂಡು ಕಳಿಸಿದ.

ಹದಿನೈದು ದಿನಕ್ಕೆ ಆತನಿಗೊಂದು ಮೆಚ್ಚುಗೆಯ ಪತ್ರ ಬಂತು. ‘ನಿಮ್ಮ ಮಗಳು ನಿಮ್ಮನ್ನು ನೋಡಿ ಕಲಿಯಲಿ ಎಂಬ ಆಸೆ ನಮ್ಮ ಮನ ಕಲಕಿತು’ ಎಂದಿತ್ತು. ಜೊತೆಗೆ ಬಣ್ಣದ ಪೆನ್ಸಿಲುಗಳ ಡಬ್ಬಿ. ಆತನಿಗೆ ಇನ್ನೂ ಹೆಣ್ಣು ನೋಡುತ್ತಿದ್ದರು.

೨. ಉಳ್ಳಾಗಡ್ಡಿಯ ಎದುರು

ಅದೇ ಹುಡುಗ ಒಂದು ಮಧ್ಯಾಹ್ನ ಮುಖ ಬಾಡಿಸಿಕೊಂಡು ಅಡುಗೆಕೋಣೆಗೆ ಬಂದು ಕುಳಿತ. ನಾನು ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ.

“ಅಕ್ಕಾರ, ನೀವೇನೂ ಹೇಳಬ್ಯಾಡ್ರಿ. ನಾನು ಹೇಳತೀನಿ, ಸುಮ್ನ ಹ್ಞೂಂ ಅನ್ರಿ.”

“ಹ್ಞೂಂ.”

“ಮೊದಲು ರೋಗಿ ಹೆಸರು ತಗಂತೈತಿ. ಆಮ್ಯಾಲ ಡಾಕ್ಟ್ರು ಖಾಲಿ ಅದಾರೇನು ನೋಡತೈತಿ.”

“ಹ್ಞೂಂ.”

“ಆಮ್ಯಾಲ ದವಾಖಾನಿ ತೆರದೈತೇನು ಅಂತ… ತಡೀರಿ. ಅದನ್ನ ಬರದ ಇಲ್ಲಲ್ಲ ನಾನು.”

ಎದ್ದು ಓಡಿದ. ಎರಡು ದಿನದಿಂದ ಸಿಗದಿದ್ದ ತಪ್ಪು ಸಿಕ್ಕಿತಂತೆ. ಮರುದಿನ ಮತ್ತೊಬ್ಬರು ಬಂದರು. ವಾರದೊಳಗೆ ಐವರೂ ಬರತೊಡಗಿದರು. ಇಬ್ಬರು ಒಮ್ಮೆಲೇ ಬಂದು ಜಗಳವಾದ ಮೇಲೆ, ಯಾರು ಎಷ್ಟು ಗಂಟೆಗೆ ಎಂದು ಬರೆದು ನನ್ನ ಬಾಗಿಲಿಗೊಂದು ಚೀಟಿ ಅಂಟಿಸಿದರು.

ಅವರ ಮಾತು ನನಗೆ ತಿಳಿಯುತ್ತಿರಲಿಲ್ಲ. ಆದರೆ ನನ್ನ ಎದುರಿಗೆ ಕುಳಿತು ಯಾರಾದರೂ ಅಷ್ಟು ಹೊತ್ತು ಮಾತಾಡಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಮನೆಯಲ್ಲಿ ನನಗೆ ಬರುವ ಮಾತೆಂದರೆ ‘ಉಪ್ಪು ಕಡಿಮಿ ಐತಿ’ ಎಂಬುದೊಂದೇ. ನಾನು ಎಂಟು ಗಂಟೆಯ ಬದಲು ಏಳೂವರೆಗೇ ಬಂದು ಬಾಗಿಲು ತೆರೆಯತೊಡಗಿದೆ.

ಹುರುಪು ಹೆಚ್ಚಾಗಿ ಒಂದು ದಿನ ಬಾಯಿ ತಪ್ಪಿ ಕೇಳಿಬಿಟ್ಟೆ: “ಆ ರೋಗಿ ಬರದಿದ್ರ ಏನ್ ಮಾಡತೈತಿ ತಮ್ಮಾ?”

ಹುಡುಗನ ಮುಖ ಇಳಿಯಿತು. “ಹಂಗೆಲ್ಲ ಕೇಳಬ್ಯಾಡ್ರಿ ಅಕ್ಕಾರ. ಕೇಳಾಕ ಮ್ಯಾನೇಜರು ಅದಾರ.”

೩. ಆರು ಮಂದಿ ಹೊಸಬರು

ಹುರುಪು ತುಂಬುವುದಕ್ಕೆಂದು ಬೆಂಗಳೂರಿನಿಂದ ತರಬೇತಿಯವರೊಬ್ಬರು ಬಂದರು. ಎಲ್ಲರ ಕೈಗೂ ಬಲೂನು ಕೊಟ್ಟು ಊದಿಸಿ, ಅವರವರ ಚಿಂತೆಯನ್ನು ಅದರ ಮೇಲೆ ಬರೆದು ಒಡೆಯಿರಿ ಎಂದರು. ಆರು ಬಲೂನುಗಳ ಮೇಲೂ ‘ಆಫೀಸು ಮುಚ್ಚುವುದು’ ಎಂದೇ ಇತ್ತು. ಒಡೆದರು. ನಾನು ಚೂರುಗಳನ್ನು ಗುಡಿಸಿದೆ.

ನನ್ನ ಬಾಗಿಲಿನ ಚೀಟಿಯನ್ನು ಕಂಡು ಅವರು ವಿಚಾರಿಸಿದರು. ಕೂಡ್ಲಿಗಿಯಾಕೆ ನನ್ನನ್ನು ಹೊಗಳುವ ಉದ್ದೇಶದಿಂದಲೇ ಹೇಳಿದಳು: “ಹೊರದೇಶದಾಗ ನಮ್ಮಂಥೋರು ಮೇಜಿನ ಮ್ಯಾಲ ರಬ್ಬರ್ ಬಾತುಕೋಳಿ ಇಟ್ಕಂಡು ಅದಕ್ಕ ಹೇಳತಾರ್ರಿ. ಹೇಳತಾ ಹೇಳತಾ ತಪ್ಪು ತಾನ ಕಾಣತೈತಿ. ನಮಗ ಅಕ್ಕಾರ ಅದಾರ.”

ಅವರು ಅದನ್ನು ಬರೆದುಕೊಂಡರು. ಎಂಟು ದಿನಕ್ಕೆ ಒಂದು ಪೆಟ್ಟಿಗೆ ಬಂತು. ಒಳಗೆ ಆರು ಹಳದಿ ಬಾತುಕೋಳಿಗಳು. ಇನ್ನು ಮುಂದೆ ಮಾತು ಕೇಳುವುದಕ್ಕೆ ಅಡುಗೆಯವರು ಬೇಕಿಲ್ಲವಾದ್ದರಿಂದ ಅವರು ಮಧ್ಯಾಹ್ನದವರೆಗೆ ಇದ್ದರೆ ಸಾಕು ಎಂಬ ಪತ್ರವೂ ಇತ್ತು. ಮ್ಯಾನೇಜರು ನನ್ನ ಮುಖ ನೋಡದೆ ಓದಿ ಹೇಳಿದರು.

ನನ್ನ ಜಾಗಕ್ಕೆ ಬಂದವರನ್ನು ದಿನವೂ ಬೆಳಿಗ್ಗೆ ನಾನೇ ಒರೆಸಿ ಇಡುತ್ತಿದ್ದೆ. ಮೂರನೆಯ ದಿನ ಹರಪನಹಳ್ಳಿಯ ಹುಡುಗ ತನ್ನ ಬಾತುಕೋಳಿಯನ್ನು ಕೈಯಲ್ಲಿ ಹಿಡಿದುಕೊಂಡು ಅಡುಗೆಕೋಣೆಗೆ ಬಂದ.

“ಇದು ಹ್ಞೂಂ ಅನ್ನಂಗಿಲ್ಲ ಅಕ್ಕಾರ.”

“ನಾನು ಹೊಂಟೆ ತಮ್ಮಾ. ನನ್ನ ವ್ಯಾಳ್ಯಾ ಆತು.”

ಆತ ಬಾತುಕೋಳಿಯನ್ನು ತಿರುಗಿಸಿ ನೋಡಿದ. “ಇದು ಇಡೀ ದಿನ, ನೀವು ಅರ್ಧ ದಿನ. ಇದು ಮಾಡಾ ಕೆಲಸ ಏನೈತಿ ಹೇಳ್ರಿ?”

೪. ಎರಡು ಸಲದ ಕರೆ

ಕೊನೆಯ ದಿನಗಳಲ್ಲಿ ದೊಡ್ಡ ತೊಂದರೆಯೊಂದು ಬಂತು. ಆ ದೇಶದ ರೋಗಿಗಳಿಗೆ ಎರಡೆರಡು ಸಲ ಕರೆ ಹೋಗುತ್ತಿತ್ತು. ಹಲ್ಲು ಕೀಳಿಸಿಕೊಂಡು ಮನೆಗೆ ಹೋದವರನ್ನು ಅದೇ ಹಲ್ಲಿಗೆ ಮತ್ತೆ ಕರೆದಂತಾಗಿತ್ತು. ಮೂರು ದಿನ ಆರು ಜನ, ಆರು ಬಾತುಕೋಳಿಗಳು ಕುಳಿತರೂ ತಪ್ಪು ಸಿಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ, ಎಂದೂ ಬರದಿದ್ದ ಮ್ಯಾನೇಜರು ಅಡುಗೆಕೋಣೆಗೆ ಬಂದು ಅಕ್ಕಿ ಡಬ್ಬಿಯ ಮೇಲೆ ಕುಳಿತರು.

“ಅಕ್ಕಾರ, ಬೆಂಗಳೂರಿನವರು ಫೋನ್ ಮಾಡಿದ್ರು. ಆಫೀಸು ಮುಚ್ಚತಾರಂತ. ಒಳಗಿನ ಮಂದಿಗೆ ಹೆಂಗ ಹೇಳಬೇಕು ಅಂತ ತಿಳೀವಲ್ದು.”

ಒಳಗಿನ ಐವರನ್ನು ನೆನೆಯುತ್ತ “ಹ್ಞೂಂ” ಎಂದೆ.

“ಒಂದ ಕೆಲಸಕ್ಕ ಎರಡು ಕಡಿ ಮಂದಿ ಯಾಕ ಅಂತಾರ.”

“ಹ್ಞೂಂ.”

“ಖರೇವ. ಅಲ್ಲೂ ಒಬ್ಬ ಅದಾನ, ಇಲ್ಲೂ ಒಬ್ಬ ಅದಾನ. ಅವಗ ಇವ ಮಾಡ್ಯಾನಂತ ಗೊತ್ತಿಲ್ಲ, ಇವಗ ಅವ ಮಾಡ್ಯಾನಂತ…”

ಅವರ ಕಣ್ಣುಗಳು ಅಗಲವಾದವು. “ಸಿಕ್ತು” ಎಂದರು. ಡಬ್ಬಿ ಉರುಳಿದರೂ ನೋಡದೆ ಒಳಗೆ ಓಡಿದರು.

ಆಫೀಸು ಉಳಿಯುವ ದಾರಿ ಸಿಕ್ಕಿತೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಒಳಗೆ ಚಪ್ಪಾಳೆಯೂ ಕೇಳಿಸಿತು. ಇದ್ದ ಹಾಲನ್ನೆಲ್ಲ ಸುರಿದು, ಏಲಕ್ಕಿ ಕುಟ್ಟಿ ಹಾಕಿ, ಆರು ಲೋಟ ಚಹಾ ಮಾಡಿದೆ. ಐದು ವರ್ಷದಲ್ಲಿ ಮೊದಲ ಸಲ ನನಗೂ ಒಂದು ಲೋಟ ಮಾಡಿಕೊಂಡೆ.

ಮ್ಯಾನೇಜರು ನಗುತ್ತ ಬಂದರು. “ಎರಡು ಕಡಿಯಿಂದ ಕರಿ ಹೋಗತಿತ್ತು ಅಕ್ಕಾರ. ಒಂದಕ್ಕ ಇನ್ನೊಂದರ ಸುದ್ದಿನ ಗೊತ್ತಿರಲಿಲ್ಲ. ಈಗ ಸರಿ ಆತು. ಇನ್ನ ಒಬ್ಬ ರೋಗಿಗೆ ಒಂದ ಕರಿ.”

“ಆಫೀಸು?”

“ಆಫೀಸಾ? ಅದು ತಿಂಗಳ ಕೊನಿಗೆ ಮುಚ್ಚತೈತಿ.” ಒಂದು ಗುಟುಕು ಕುಡಿದರು. “ಏಲಕ್ಕಿ ಹಾಕೀರೇನು? ಚಲೋ ಆಗೈತಿ.”

ನನಗೆ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡರೂ ನಿಲ್ಲಲಿಲ್ಲ. ಒಂದು ಕ್ಷಣ ಬಿಟ್ಟು ಅವರಿಗೂ ಅರ್ಥವಾಗಿ, ಲೋಟ ಕೆಳಗಿಟ್ಟು, ತಲೆ ಹಿಡಿದುಕೊಂಡು ನಕ್ಕರು. ಒಳಗಿನ ಐವರು ಏನೂ ತಿಳಿಯದೆ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು.

ಮುಚ್ಚಿದ ದಿನ ಹರಪನಹಳ್ಳಿಯ ಹುಡುಗ ತನ್ನ ಬಾತುಕೋಳಿಯನ್ನು ನನಗೆ ಕೊಟ್ಟು ಹೋದ. ಅದು ಈಗ ನಮ್ಮ ಮನೆಯ ಕಿಟಕಿಯಲ್ಲಿದೆ. ಮೊನ್ನೆ ಉಳ್ಳಾಗಡ್ಡಿ ಹೆಚ್ಚುತ್ತ ಇದನ್ನೆಲ್ಲ ಮೊದಲಿನಿಂದ ಅದಕ್ಕೆ ಹೇಳಿದೆ. ಹ್ಞೂಂ ಅನ್ನಲಿಲ್ಲ. ಅದಕ್ಕೇ ಬರೆಯಬೇಕಾಯಿತು.